ಮಾರಿದ ಡೊಮೇನ್ ಹೆಸರನ್ನು ಕೊಂಡವರ ವಶಕ್ಕೆ ಒಪ್ಪಿಸುವ ಕ್ರಮ

ಡೊಮೇನ್ ಹೆಸರಿನ, ಅಂದರೆ ವೆಬ್ ತಾಣದ ವಿಳಾಸದ, ಬೆಲೆ ಕುದುರಿಸಲು ವಾರಗಟ್ಟಲೆ ಮಾತುಕತೆ ನಡೆಸುವವರೂ ಅದನ್ನು ಹಸ್ತಾಂತರಿಸುವ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸಲು ಹೊರಡುತ್ತಾರೆ. ನನ್ನ ಬಳಿಗೆ ಬರುವ ತಕರಾರುಗಳಲ್ಲಿ ಹೆಚ್ಚಿನವು ಬೆಲೆಗೆ ಸಂಬಂಧಿಸಿದವಲ್ಲ. ಹಣ ಸಂದಾಯವಾದ ಮೇಲೆ ಹೆಸರು ಯಾರ ವಶದಲ್ಲಿದೆ ಎಂಬ ಪ್ರಶ್ನೆಗೆ ಸಂಬಂಧಿಸಿದವು. ನಿವೇಶನ ಮಾರಿದರೆ ಉಪನೋಂದಣಾಧಿಕಾರಿಯ ಎದುರು ಕ್ರಯಪತ್ರ ಮಾಡಿಸಿ, ಬಳಿಕ ಖಾತೆ ಬದಲಾಯಿಸಿಕೊಳ್ಳುವ ಪರಿಚಿತ ದಾರಿಯಿದೆ. ಡೊಮೇನ್ ಹೆಸರಿಗೆ ಅಂಥ ಕಚೇರಿಯಿಲ್ಲ. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆ ಅಮೆರಿಕದ ವೆರಿಸೈನ್ ಸಂಸ್ಥೆಯ ಬಳಿ ಇರುತ್ತದೆ, ಗ್ರಾಹಕರೊಂದಿಗೆ ವ್ಯವಹರಿಸುವವರು ಹೆಸರುಗಳನ್ನು ನೋಂದಾಯಿಸಿಕೊಡುವ ಕಂಪನಿಗಳಾದ ರಿಜಿಸ್ಟ್ರಾರ್‌ಗಳು, ಇವರೆಲ್ಲರೂ ಪಾಲಿಸಬೇಕಾದ ನಿಯಮಗಳನ್ನು ರೂಪಿಸುವುದು 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಎಂಬ ಸಂಸ್ಥೆ. ಒಪ್ಪಂದಪತ್ರದಲ್ಲಿ ಏನೇ ಬರೆದಿರಲಿ, ರಿಜಿಸ್ಟ್ರಾರ್ ಬಳಿಯ ಖಾತೆ ಯಾರ ಕೈಯಲ್ಲಿದೆಯೋ ಹೆಸರು ಅವರ ಹತೋಟಿಯಲ್ಲಿರುತ್ತದೆ.

ಈ ಹತೋಟಿ ಎಷ್ಟು ಸುಲಭವಾಗಿ ತಪ್ಪಿಹೋಗಬಹುದು ಎಂಬುದಕ್ಕೆ ಸೆಕ್ಸ್ ಡಾಟ್ ಕಾಮ್ ಪ್ರಕರಣವೇ ಸಾಕ್ಷಿ. ಗ್ಯಾರಿ ಕ್ರೆಮೆನ್ 1994ರಲ್ಲಿ ನೋಂದಾಯಿಸಿದ್ದ ಆ ಹೆಸರನ್ನು, 1995ರಲ್ಲಿ ಸ್ಟೀಫನ್ ಕೋಹೆನ್ ಎಂಬಾತ ಒಂದು ನಕಲಿ ಪತ್ರದ ಬಲದಿಂದ ತನ್ನದಾಗಿಸಿಕೊಂಡ. ನೋಂದಣಿ ಮಾಡುತ್ತಿದ್ದ ನೆಟ್‌ವರ್ಕ್ ಸೊಲ್ಯೂಷನ್ಸ್ ಕಂಪನಿ ಆ ಪತ್ರವನ್ನು ನಂಬಿತೇ ಹೊರತು ಕ್ರೆಮೆನ್ ಅವರನ್ನು ಕೇಳಲಿಲ್ಲ. ಹೆಸರನ್ನು ಮರಳಿ ಪಡೆಯಲು ಅವರು ವರ್ಷಗಳ ಕಾಲ ನ್ಯಾಯಾಲಯಕ್ಕೆ ಅಲೆಯಬೇಕಾಯಿತು. ಡೊಮೇನ್ ಹೆಸರೂ ಒಂದು ಆಸ್ತಿಯೇ ಎಂದು ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿದ್ದು 2003ರಲ್ಲಿ. ಇಂದು ನಮಗೆ ಕಿರಿಕಿರಿಯೆನಿಸುವ ಲಾಕ್, ಕೋಡ್, ದೃಢೀಕರಣದ ಇಮೇಲ್‌ಗಳೆಲ್ಲ ಇಂಥ ಕಳ್ಳತನಕ್ಕೆ ಹಾಕಿದ ಅಡ್ಡಗೋಡೆಗಳು.

ಹಸ್ತಾಂತರಕ್ಕೆ ಎರಡು ದಾರಿಗಳಿವೆ. ಕೊಂಡವರಿಗೂ ಅದೇ ರಿಜಿಸ್ಟ್ರಾರ್ ಬಳಿ ಖಾತೆಯಿದ್ದರೆ, ಅಥವಾ ಅಲ್ಲೇ ಹೊಸದಾಗಿ ತೆರೆದರೆ, ಒಂದು ಖಾತೆಯಿಂದ ಇನ್ನೊಂದಕ್ಕೆ ಹೆಸರನ್ನು ಸರಿಸಬಹುದು. ಇದನ್ನು ವೃತ್ತಿಯಲ್ಲಿರುವವರು ಪುಶ್ ಎನ್ನುತ್ತಾರೆ. ಕೊಂಡವರು ತಮ್ಮದೇ ರಿಜಿಸ್ಟ್ರಾರ್ ಬಳಿಗೆ ಒಯ್ಯಬಯಸಿದರೆ, ಮಾರುವವರು ವರ್ಗಾವಣೆಯನ್ನು ತಡೆಯುವ ಲಾಕ್ ತೆಗೆದು, ವರ್ಗಾವಣೆಗೆ ಅನುಮತಿ ನೀಡುವ ಗುಪ್ತಸಂಕೇತವಾದ ಆಥ್ ಕೋಡ್ ಪಡೆದು ಕೊಡಬೇಕು. ಕೋಡ್ ಕೇಳಿದ 5 ದಿನಗಳೊಳಗೆ ರಿಜಿಸ್ಟ್ರಾರ್ ಅದನ್ನು ಕೊಡಲೇಬೇಕೆಂಬ ನಿಯಮವಿದೆ. ವರ್ಗಾವಣೆ ಆರಂಭವಾದ ಮೇಲೆ ಹಳೆಯ ರಿಜಿಸ್ಟ್ರಾರ್ 5 ದಿನಗಳಲ್ಲಿ ಆಕ್ಷೇಪಿಸದಿದ್ದರೆ ಅದು ತಾನಾಗಿಯೇ ಪೂರ್ಣಗೊಳ್ಳುತ್ತದೆ, ಡಾಟ್ ಕಾಮ್‌ನಂಥ ಹೆಸರುಗಳ ಅವಧಿಗೆ ಒಂದು ವರ್ಷವೂ ಸೇರುತ್ತದೆ. ಸಾಧ್ಯವಿದ್ದಲ್ಲೆಲ್ಲ ನಾನು ಪುಶ್ ಮಾರ್ಗವನ್ನೇ ಸೂಚಿಸುತ್ತೇನೆ, ಏಕೆಂದರೆ ಹೆಸರು ಯಾರ ವಶದಲ್ಲೂ ಇಲ್ಲವೆನಿಸುವ ಆ ನಡುವಿನ ದಿನಗಳೇ ಇಬ್ಬರನ್ನೂ ಹೆಚ್ಚು ಕಾಡುತ್ತವೆ.

ಅತಿ ಹೆಚ್ಚು ವ್ಯವಹಾರಗಳು ಸಿಕ್ಕಿಬೀಳುವುದು 60 ದಿನಗಳ ನಿಯಮದಲ್ಲಿ. ಹೊಸದಾಗಿ ನೋಂದಾಯಿಸಿದ ಅಥವಾ ಈಗಷ್ಟೇ ಬೇರೆ ರಿಜಿಸ್ಟ್ರಾರ್‌ನಿಂದ ಬಂದ ಹೆಸರನ್ನು 60 ದಿನ ಮತ್ತೆ ಬೇರೆಡೆಗೆ ಒಯ್ಯಲಾಗದು ಎಂಬುದು ಬಹುತೇಕರಿಗೆ ಗೊತ್ತಿರುತ್ತದೆ. ಆದರೆ 2016ರ ಡಿಸೆಂಬರ್‌ನಿಂದ ಜಾರಿಗೆ ಬಂದ ನಿಯಮದ ಪ್ರಕಾರ, ನೋಂದಣಿದಾರರ ಹೆಸರು, ಸಂಸ್ಥೆ ಅಥವಾ ಇಮೇಲ್ ವಿಳಾಸವನ್ನು ಬದಲಾಯಿಸಿದರೂ ಅಂಥದೇ 60 ದಿನಗಳ ತಡೆ ಬೀಳುತ್ತದೆ. ಒಳ್ಳೆಯ ಉದ್ದೇಶದಿಂದಲೇ ಮಾರಾಟಗಾರರು ಮೊದಲು ಖರೀದಿದಾರರ ವಿವರಗಳನ್ನು ತುಂಬುತ್ತಾರೆ, ಆಮೇಲೆ ಕೋಡ್ ಕೊಡಲು ಹೋಗುತ್ತಾರೆ, ಅಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ. ಎರಡು ತಿಂಗಳು ಕಾಯಬೇಕಾದ ಖರೀದಿದಾರರಿಗೆ ಮೋಸಹೋದೆನೆಂಬ ಅನುಮಾನ ಹುಟ್ಟುವುದು ಸಹಜ. ಆದ್ದರಿಂದ ಬೇರೆ ರಿಜಿಸ್ಟ್ರಾರ್‌ಗೆ ಹೋಗಬೇಕಾದ ಹೆಸರಿನ ಯಾವ ವಿವರವನ್ನೂ ವರ್ಗಾವಣೆಗೆ ಮುನ್ನ ಮುಟ್ಟಬಾರದು. ಹೆಸರು ಮೊದಲು ಹೋಗಲಿ, ವಿವರಗಳು ಅಲ್ಲಿ ಬದಲಾಗಲಿ. ಕೆಲವು ರಿಜಿಸ್ಟ್ರಾರ್‌ಗಳು ಈ ತಡೆ ಬೇಡವೆನ್ನುವ ಆಯ್ಕೆ ಕೊಡುತ್ತಾರೆ, ಆದರೆ ಅದನ್ನು ಬದಲಾವಣೆಗೆ ಮೊದಲೇ ಆರಿಸಿರಬೇಕು. ಹೊಸ ನೋಂದಣಿದಾರರ ಇಮೇಲ್‌ಗೆ ಬರುವ ದೃಢೀಕರಣದ ಕೊಂಡಿಯನ್ನು 15 ದಿನಗಳೊಳಗೆ ಒತ್ತದಿದ್ದರೆ ಹೆಸರೇ ಸ್ಥಗಿತವಾಗಬಹುದು ಎಂಬುದನ್ನೂ ಕೊಂಡವರಿಗೆ ಮೊದಲೇ ತಿಳಿಸಿರುವುದು ಒಳಿತು.

ಹಣದ ವಿಚಾರದಲ್ಲಿ ಪರಿಚಯವಿಲ್ಲದವರ ನಡುವೆ ಎಸ್ಕ್ರೋ, ಅಂದರೆ ಹಣವನ್ನು ನಡುವೆ ಇಟ್ಟುಕೊಳ್ಳುವ ಮೂರನೆಯವರ ಸೇವೆ, ಇಲ್ಲದೆ ವ್ಯವಹರಿಸಬೇಡಿ. ಖರೀದಿದಾರರು ಎಸ್ಕ್ರೋ ಸಂಸ್ಥೆಗೆ ಹಣ ಕಟ್ಟುತ್ತಾರೆ, ಹಣ ಬಂದಿದೆಯೆಂದು ಸಂಸ್ಥೆ ಖಚಿತಪಡಿಸಿದ ಮೇಲೆ ಮಾರಾಟಗಾರರು ಹೆಸರನ್ನು ಬಿಟ್ಟುಕೊಡುತ್ತಾರೆ, ಹೆಸರು ತಮ್ಮ ಖಾತೆಗೆ ಬಂದಿದೆಯೆಂದು ಖರೀದಿದಾರರು ಒಪ್ಪಿದ ಮೇಲೆ ಹಣ ಬಿಡುಗಡೆಯಾಗುತ್ತದೆ. ‘ನಿಮ್ಮ ಹಣ ನಮ್ಮಲ್ಲಿ ಜಮಾ ಆಗಿದೆ’ ಎಂಬ ನಕಲಿ ಇಮೇಲ್ ಕಳುಹಿಸಿ ಆಥ್ ಕೋಡ್ ಕಸಿಯುವುದು ಹಳೆಯ ವಂಚನೆ. ಆ ಇಮೇಲ್‌ನ ಕೊಂಡಿಯನ್ನು ಒತ್ತದೆ, ಎಸ್ಕ್ರೋ ತಾಣದ ವಿಳಾಸವನ್ನು ಸ್ವತಃ ಟೈಪಿಸಿ, ಲಾಗಿನ್ ಆಗಿ ಪರಿಶೀಲಿಸಬೇಕು.

ಕೊಳ್ಳುವವರು ಟ್ರೇಡ್‌ಮಾರ್ಕ್ ದಾಖಲೆಗಳನ್ನೂ ನೋಡಬೇಕು. ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಗಿ ಕರ್ನಾಟಕ ಹೈಕೋರ್ಟ್ ಮೂಲಕ ಸುಪ್ರೀಂ ಕೋರ್ಟ್ ತಲುಪಿದ ಸತ್ಯಂ ಇನ್ಫೋವೇ ಪ್ರಕರಣದಲ್ಲಿ, ಟ್ರೇಡ್‌ಮಾರ್ಕ್‌ಗಿರುವಂಥ ರಕ್ಷಣೆ ಡೊಮೇನ್ ಹೆಸರಿಗೂ ಸಲ್ಲುತ್ತದೆಂದು 2004ರಲ್ಲಿ ತೀರ್ಪಾಗಿದೆ. ಬೇರೆಯವರ ವ್ಯಾಪಾರನಾಮವನ್ನು ಹೋಲುವ ಹೆಸರನ್ನು ಎಷ್ಟು ಕ್ರಮಬದ್ಧವಾಗಿ ವರ್ಗಾಯಿಸಿಕೊಂಡರೂ ಉಳಿಸಿಕೊಳ್ಳುವುದು ಕಷ್ಟ. ಡಾಟ್ ಇನ್ ಹೆಸರುಗಳ ಆಡಳಿತ ನಿಕ್ಸಿ ಸಂಸ್ಥೆಯದು. ಅವುಗಳ ವಿವಾದಗಳಿಗೆ ಪ್ರತ್ಯೇಕ ಪರಿಹಾರ ವ್ಯವಸ್ಥೆಯೂ ಇದೆ.

ವರ್ಗಾವಣೆಯಾದ ಮಾತ್ರಕ್ಕೆ ವೆಬ್‌ಸೈಟ್ ನಿಲ್ಲುವುದಿಲ್ಲ, ಹೆಸರನ್ನು ಹುಡುಕಿದವರಿಗೆ ದಾರಿ ತೋರಿಸುವ ನೇಮ್‌ಸರ್ವರ್‌ಗಳು ಸಾಮಾನ್ಯವಾಗಿ ಹಾಗೆಯೇ ಉಳಿಯುತ್ತವೆ. ಆದರೆ ಹಳೆಯ ರಿಜಿಸ್ಟ್ರಾರ್ ಉಚಿತವಾಗಿ ಕೊಡುತ್ತಿದ್ದ ಡಿಎನ್‌ಎಸ್ (ಹೆಸರನ್ನು ಸರ್ವರ್‌ನ ವಿಳಾಸಕ್ಕೆ ಜೋಡಿಸುವ) ಸೇವೆ ನಿಂತರೆ ತಾಣವೂ ಇಮೇಲೂ ಒಟ್ಟಿಗೆ ಸ್ತಬ್ಧವಾಗುತ್ತವೆ. ಡಿಎನ್‌ಎಸ್ ಉತ್ತರಗಳನ್ನು ಡಿಜಿಟಲ್ ಸಹಿಯಿಂದ ದೃಢಪಡಿಸುವ ಡಿಎನ್‌ಎಸ್‌ಸೆಕ್ ಚಾಲನೆಯಲ್ಲಿರುವಾಗ ನೇಮ್‌ಸರ್ವರ್ ಬದಲಾಯಿಸಿದರೂ ಹಾಗೆಯೇ ಆಗಬಹುದು, ಆದ್ದರಿಂದ ಅದನ್ನು ಮೊದಲೇ ತೆಗೆಸಬೇಕು.

ಮಾರುವವರು ತೀರಾ ಕಡೆಗಣಿಸುವ, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕಾರಿಯಾದ ಸಂಗತಿ ಇಮೇಲ್. ಹೆಸರು ಕೈಬಿಟ್ಟ ಕ್ಷಣದಿಂದ ಆ ಡೊಮೇನ್‌ನ ಯಾವ ವಿಳಾಸಕ್ಕೆ ಬರುವ ಪತ್ರವನ್ನಾದರೂ ಹೊಸ ಮಾಲೀಕರು ಪಡೆಯಬಹುದು. ಬ್ಯಾಂಕ್ ಖಾತೆ, ಜಿಎಸ್‌ಟಿ ಪೋರ್ಟಲ್, ಆದಾಯ ತೆರಿಗೆಯ ಇ-ಫೈಲಿಂಗ್ ಇವುಗಳಿಗೆ ಕಂಪನಿಯ ಹಳೆಯ ಇಮೇಲ್ ವಿಳಾಸವೇ ಕೊಟ್ಟಿದ್ದರೆ, ಪಾಸ್‌ವರ್ಡ್ ಮರುಹೊಂದಿಸುವ ಸಂದೇಶಗಳು ಅಪರಿಚಿತರ ಅಂಚೆಪೆಟ್ಟಿಗೆಗೆ ಹೋಗುತ್ತವೆ. ಕೆಲಸ ಬಿಟ್ಟುಹೋದ ಸಿಬ್ಬಂದಿಯ ವಿಳಾಸಗಳಿಂದ ತೆರೆದ ಖಾತೆಗಳನ್ನೂ ಹುಡುಕಿ ಬದಲಾಯಿಸಬೇಕು. ಇದಕ್ಕೆ ಕೆಲವು ವಾರಗಳೇ ಹಿಡಿಯುವುದರಿಂದ ಮಾತುಕತೆ ಶುರುವಾದಾಗಲೇ ಕೈಹಾಕುವುದು ಕ್ಷೇಮ. ಕಂಪನಿಯ ಇಮೇಲ್‌ಗೆ ಗೂಗಲ್ ವರ್ಕ್‌ಸ್ಪೇಸ್ ಸೇವೆ ಬಳಸುತ್ತಿದ್ದರೆ ಮಾರಾಟಗಾರರ ಖಾತೆಯಿಂದ ಆ ಡೊಮೇನನ್ನು ತೆಗೆದುಹಾಕುವವರೆಗೆ ಕೊಂಡವರು ತಮ್ಮ ಖಾತೆಗೆ ಸೇರಿಸಿಕೊಳ್ಳಲಾಗದು. ಈ ಬಿಡುಗಡೆಯನ್ನು ಹಸ್ತಾಂತರದ ಭಾಗವೆಂದು ಒಪ್ಪಂದದಲ್ಲೇ ಬರೆಸಿ, ಅದಾದ ಮೇಲೆಯೇ ಎಸ್ಕ್ರೋ ಹಣಕ್ಕೆ ಒಪ್ಪಿಗೆ ಕೊಡುವಂತೆ ನಾನು ಖರೀದಿದಾರರಿಗೆ ಹೇಳುತ್ತೇನೆ.