ಪ್ರದರ್ಶನಕ್ಕೆ ಮುನ್ನ ಊದಿದ ಸ್ವರ: ಡ್ರಮ್ ಕೋರ್ ವಾರ್ಮ್‌ಅಪ್ ಧ್ವನಿಮುದ್ರಿಕೆಗಳ ಹಿನ್ನೆಲೆ

ಅಮೆರಿಕದಲ್ಲಿ ಪ್ರತಿ ಬೇಸಿಗೆ, ಆಗಸ್ಟ್ ಎರಡನೆಯ ವಾರದವರೆಗೂ, ಊರಿಂದೂರಿಗೆ ಡ್ರಮ್ ಕೋರ್ ಎಂಬ ವಾದ್ಯತಂಡಗಳ ಸ್ಪರ್ಧೆಗಳು ನಡೆಯುತ್ತವೆ. ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ಹಿತ್ತಾಳೆ ವಾದ್ಯ, ಡ್ರಮ್ಮು, ಬಾವುಟಗಳೊಂದಿಗೆ ಫುಟ್‌ಬಾಲ್ ಮೈದಾನಕ್ಕಿಳಿದು ಹತ್ತು ಹನ್ನೆರಡು ನಿಮಿಷ ನುಡಿಸುತ್ತಾ ಚಲಿಸುತ್ತಾರೆ. ಟಿಕೆಟ್ ಕೊಂಡವರು ಬರುವುದು ಅದಕ್ಕಾಗಿಯೇ. ಆದರೆ ಅವರಲ್ಲೊಂದು ಗುಂಪು ಗೇಟು ತೆರೆಯುವ ಮೊದಲೇ ಬಂದು, ಕ್ರೀಡಾಂಗಣದ ಹಿಂದಿನ ಹುಲ್ಲಿನ ಮೇಲೆ ಅಥವಾ ಪಾರ್ಕಿಂಗ್ ಜಾಗದ ಅಂಚಿನಲ್ಲಿ ರೆಕಾರ್ಡರ್ ಹಿಡಿದು ನಿಲ್ಲುತ್ತದೆ. ಪ್ರದರ್ಶನಕ್ಕೆ ಮುನ್ನ ಹಿತ್ತಾಳೆ ವಾದಕರು ತುಟಿ, ಉಸಿರು, ಕಿವಿಗಳನ್ನು ಹದಗೊಳಿಸಿಕೊಳ್ಳುವ ವಾರ್ಮ್‌ಅಪ್ ಅವರಿಗೆ ಬೇಕು. ದಶಕಗಳಿಂದ ಕೈಯಿಂದ ಕೈಗೆ ಸಾಗಿ ಬಂದಿರುವ ಈ ಮುದ್ರಿಕೆಗಳ ಬೆಲೆ ಇಂದು ಹಿಂದೆಂದಿಗಿಂತ ಹೆಚ್ಚಿದೆ. ಅಭಿಮಾನಿಗಳ ಗೀಳು ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಮೈದಾನದೊಳಗಿನ ಸಂಗೀತ ಬದಲಾದ ರೀತಿಯೇ ಇದಕ್ಕೆ ಮುಖ್ಯ ಕಾರಣ.

ವಾರ್ಮ್‌ಅಪ್ ಎಂದರೆ ಏನು ಕೇಳುತ್ತದೆ ಎಂಬುದನ್ನು ಮೊದಲು ಹೇಳಬೇಕು. ಎಪ್ಪತ್ತು ಎಂಬತ್ತು ವಾದಕರು ಬಿಲ್ಲಿನಾಕಾರದಲ್ಲಿ ನಿಲ್ಲುತ್ತಾರೆ. ಟ್ರಂಪೆಟ್, ಮೆಲೋಫೋನ್, ಬ್ಯಾರಿಟೋನ್, ಯೂಫೋನಿಯಂ, ಹೆಗಲ ಮೇಲೆ ಹೊತ್ತ ಟ್ಯೂಬಾ. ವಾದ್ಯ ಎತ್ತುವ ಮುನ್ನ ಉಸಿರಾಟದ ಅಭ್ಯಾಸ: ನಾಲ್ಕು ಮಾತ್ರೆ ಒಳಕ್ಕೆ, ನಾಲ್ಕು ಮಾತ್ರೆ ಹೊರಕ್ಕೆ, ಆಮೇಲೆ ಎಂಟು. ನಂತರ ಎಲ್ಲರೂ ಒಂದೇ ಸ್ವರವನ್ನು ಬಾಯಲ್ಲಿ ಹಾಡುತ್ತಾರೆ. ಬಳಿಕ ಅದನ್ನೇ ಊದುತ್ತಾರೆ. ಈಗಿನ ಬಹುಪಾಲು ಕೋರ್‌ಗಳಲ್ಲಿ ಈ ಆರಂಭ ಎಫ್ ಸ್ವರದಿಂದ. ಎಫ್‌ನಿಂದ ಅರ್ಧ ಸ್ವರ ಕೆಳಗಿಳಿದು ಮರಳುವುದು, ಆಮೇಲೆ ಒಂದು ಸ್ವರ, ಆಮೇಲೆ ಒಂದೂವರೆ, ಹೀಗೆ ಪ್ರತಿ ಸಲವೂ ಇನ್ನಷ್ಟು ಕೆಳಕ್ಕೆ. ಈ ಅಭ್ಯಾಸಕ್ಕೆ ಈಸ್ಟ್‌ಮನ್ ಸಂಗೀತ ಶಾಲೆಯ ಟ್ರಾಂಬೋನ್ ಗುರು ಎಮೊರಿ ರೆಮಿಂಗ್ಟನ್ ಹೆಸರಿದೆ.

ಅಷ್ಟಾದ ಮೇಲೆ ಸ್ವರಮೇಳ. ಕೇಳುಗರು ಕಾಯುವುದು ಈ ಗಳಿಗೆಗೆ. ಟ್ಯೂಬಾಗಳು ಷಡ್ಜ ಹಿಡಿಯುತ್ತವೆ, ಅದರ ಮೇಲೆ ಪಂಚಮ ಕೂರುತ್ತದೆ, ಕೊನೆಗೆ ಮೂರನೆಯ ಸ್ವರ ಸೇರುತ್ತದೆ. ಪಿಯಾನೋದಲ್ಲಿರುವುದಕ್ಕಿಂತ ಆ ಮೂರನೆಯ ಸ್ವರವನ್ನು ಸುಮಾರು 14 ಸೆಂಟ್ ತಗ್ಗಿಸಬೇಕು, ಪಂಚಮವನ್ನು 2 ಸೆಂಟ್ ಏರಿಸಬೇಕು. ಒಂದು ಅರ್ಧ ಸ್ವರಕ್ಕೆ 100 ಸೆಂಟ್ ಎಂಬ ಲೆಕ್ಕದಲ್ಲಿ ಇದು ಬಲು ಸೂಕ್ಷ್ಮ ಅಂತರ. ತಂಬೂರಿ ಶ್ರುತಿಗೊಂಡಾಗ ಯಾರೂ ಮೀಟದೆಯೇ ಕೇಳಿಬರುವ ಅಂತರ ಗಾಂಧಾರದ ಸ್ಥಾನವೂ ಇದೇ. ಎಂಬತ್ತು ಜನ ಆ ಸ್ಥಾನವನ್ನು ಮುಟ್ಟಿದ ಕ್ಷಣ ಸ್ವರಮೇಳದೊಳಗಿನ ಅಲುಗಾಟ ನಿಂತುಹೋಗುತ್ತದೆ, ಯಾರೂ ಊದದ ಸ್ವರಗಳು ಮೇಲಿನಿಂದ ಕೇಳಿಸತೊಡಗುತ್ತವೆ. ಓಡುತ್ತಾ ನುಡಿಸುವ ಪ್ರದರ್ಶನದಲ್ಲಿ ಇದನ್ನು ಇಷ್ಟು ಸ್ಪಷ್ಟವಾಗಿ ಕೇಳಲು ಸಾಧ್ಯವೇ ಇಲ್ಲ.

ಈ ಶ್ರವಣ ಸಂಸ್ಕೃತಿ ಮೊದಲಿನಿಂದ ಇದ್ದದ್ದಲ್ಲ. ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರ ಸಂಘಗಳು, ಮುಖ್ಯವಾಗಿ ಅಮೆರಿಕನ್ ಲೀಜನ್‌ನ ಶಾಖೆಗಳು, ಡ್ರಮ್ ಮತ್ತು ಬ್ಯೂಗಲ್ (ಸೈನ್ಯದ ಕಹಳೆ) ಪಡೆಗಳನ್ನು ಸಾಕಿ ಬೆಳೆಸಿದವು. ಆಗಿನ ಬ್ಯೂಗಲ್‌ಗಳು ಜಿ ಶ್ರುತಿಯವು, ಬೆರಳಿನಿಂದ ಒತ್ತಿ ಸ್ವರ ಬದಲಿಸುವ ಕವಾಟವೇ ಇಲ್ಲದವು, ಹಾಗಾಗಿ ಕೆಲವೇ ಸ್ವರ ನುಡಿಸಬಲ್ಲವು. ನಿಯಮಗಳು ಸಡಿಲವಾದದ್ದು ನಿಧಾನವಾಗಿ. 1971ರಲ್ಲಿ ಕೋರ್‌ಗಳೇ ಸೇರಿ ಡ್ರಮ್ ಕೋರ್ ಇಂಟರ್‌ನ್ಯಾಷನಲ್, ಅಂದರೆ ಡಿಸಿಐ, ಕಟ್ಟಿಕೊಂಡು, 1972ರಲ್ಲಿ ವಿಸ್ಕಾನ್ಸಿನ್‌ನ ವೈಟ್‌ವಾಟರ್‌ನಲ್ಲಿ ಮೊದಲ ಚಾಂಪಿಯನ್‌ಷಿಪ್ ನಡೆಸಿದವು. ಎರಡು ಕವಾಟಗಳಿಗೆ ಒಪ್ಪಿಗೆ ಸಿಕ್ಕಿದ್ದು 1977ರಲ್ಲಿ, ಮೂರಕ್ಕೆ 1990ರಲ್ಲಿ, ಯಾವುದೇ ಶ್ರುತಿಯ ಹಿತ್ತಾಳೆ ವಾದ್ಯಕ್ಕೆ 2000ದಲ್ಲಿ. ಎಲ್ಲ ಸ್ವರಗಳೂ ಕೈಗೆಟುಕಿದ ಮೇಲೆಯೇ ಎಲ್ಲ ಸ್ವರಗಳಲ್ಲೂ ಇಳಿದೇರುವ ಅಭ್ಯಾಸಕ್ಕೆ ಅರ್ಥ ಬಂದದ್ದು.

ಸ್ಪರ್ಧೆಗಳ ಧ್ವನಿಮುದ್ರಣಕ್ಕೆ ಕೊರತೆಯಿರಲಿಲ್ಲ. ಮ್ಯಾಸಚೂಸೆಟ್ಸ್‌ನ ರಿವೀರ್‌ನಲ್ಲಿದ್ದ ಫ್ಲೀಟ್‌ವುಡ್ ರೆಕಾರ್ಡ್ಸ್ ಡಿಸಿಐ ಹುಟ್ಟುವ ಮೊದಲೇ ಸ್ಪರ್ಧೆಗಳ ಎಲ್‌ಪಿಗಳನ್ನು ಹೊರತರುತ್ತಿತ್ತು. ಆದರೆ ವಾರ್ಮ್‌ಅಪ್ ಯಾರ ಕ್ಯಾಟಲಾಗಿನಲ್ಲೂ ಇರಲಿಲ್ಲ. ಅದನ್ನು ಉಳಿಸಿದ್ದು ಕ್ಯಾಸೆಟ್ ರೆಕಾರ್ಡರ್ ಹೊತ್ತು ಬರುತ್ತಿದ್ದ ಮಾಜಿ ಸದಸ್ಯರು, ಶಾಲಾ ಬ್ಯಾಂಡ್ ಶಿಕ್ಷಕರು, ಮಕ್ಕಳನ್ನು ಬಿಡಲು ಬಂದ ತಂದೆತಾಯಿಗಳು. ಈ ಶ್ರಮಕ್ಕೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ಕೆಲವು ಕೋರ್‌ಗಳಿಗೆ ಈ ಹೊತ್ತಿಗೆಂದೇ ಮೀಸಲಾದ ಕೃತಿಗಳಿವೆ. ಇಲಿನಾಯ್‌ನ ರಾಕ್‌ಫರ್ಡ್‌ನ ಫ್ಯಾಂಟಮ್ ರೆಜಿಮೆಂಟ್ ಎಂದರೆ ವಾಗ್ನರ್‌ನ ‘ಲೋಹೆಂಗ್ರಿನ್’ ಅಪೆರಾದ ಮೆರವಣಿಗೆಯ ಸಂಗೀತ. ವರ್ಷ ಯಾವುದೇ ಇರಲಿ, ಪ್ರದರ್ಶನದ ವಸ್ತು ಏನೇ ಇರಲಿ, ಬಿಲ್ಲಿನಾಕಾರದಲ್ಲಿ ನಿಂತಾಗ ಅದನ್ನು ನುಡಿಸುವ ಸಂಪ್ರದಾಯ ಅಲ್ಲಿ ಬೆಳೆದುಬಂದಿದೆ. ಬೇರೆ ಬೇರೆ ಕಾಲದ ಇದರ ಮುದ್ರಿಕೆಗಳನ್ನು ಒಂದರ ಹಿಂದೊಂದು ಕೇಳಿದರೆ ತಲೆಮಾರುಗಳು ಸ್ವರವನ್ನು ಬೆಳೆಸಿದ ಬಗೆ ಕಿವಿಗೆ ಬೀಳುತ್ತದೆ. ಮೈದಾನದ ಪ್ರದರ್ಶನ ವರ್ಷವರ್ಷ ಬದಲಾಗುವುದರಿಂದ ಅಲ್ಲಿ ಇಂಥ ಹೋಲಿಕೆ ಸಾಧ್ಯವಿಲ್ಲ. ಇಂಡಿಯಾನಾದ ಬ್ಲೂಮಿಂಗ್ಟನ್‌ನ ಸ್ಟಾರ್ ಆಫ್ ಇಂಡಿಯಾನಾ ಸ್ಪರ್ಧಿಸಿದ್ದು 1985ರಿಂದ 1993ರವರೆಗೆ ಮಾತ್ರ. 1991ರಲ್ಲಿ ಗೆದ್ದು, ಎರಡು ವರ್ಷಗಳ ಬಳಿಕ ಸ್ಪರ್ಧೆ ಬಿಟ್ಟು ರಂಗಮಂಚಕ್ಕೆ ಹೋಯಿತು. ಆ ಹಿತ್ತಾಳೆ ಸಾಲು ನಿಂತ ನೆಲದಲ್ಲಿ ಹೇಗೆ ಕೇಳುತ್ತಿತ್ತು ಎಂದು ತಿಳಿಯಲು ಈಗ ಉಳಿದಿರುವುದು ಹಳೆಯ ಟೇಪುಗಳೇ.

ಮುದ್ರಣದ ಕಷ್ಟವೂ ಸಣ್ಣದಲ್ಲ. ವಾರ್ಮ್‌ಅಪ್ ಕೇಳಿಯೂ ಕೇಳದಂಥ ಮೆಲುದನಿಯಿಂದ ಎದೆ ನಡುಗಿಸುವ ಅಬ್ಬರದವರೆಗೆ ಏರುತ್ತದೆ. ಅಗ್ಗದ ಕ್ಯಾಸೆಟ್ ಯಂತ್ರಗಳು ಧ್ವನಿಮಟ್ಟವನ್ನು ತಾವೇ ಹೊಂದಿಸುತ್ತಿದ್ದವು: ಮೆಲುದನಿಯಲ್ಲಿ ಜೀರುಂಡೆಯ ಸದ್ದನ್ನೂ ಬಸ್ಸಿನ ಎಂಜಿನ್ನಿನ ಸದ್ದನ್ನೂ ಎತ್ತಿ ಕೊಡುತ್ತಿದ್ದವು, ಅಬ್ಬರ ಬಂದೊಡನೆ ಎಲ್ಲವನ್ನೂ ಅದುಮಿಬಿಡುತ್ತಿದ್ದವು. ಶಿಕ್ಷಕರು ತಿಂಗಳುಗಟ್ಟಲೆ ತಿದ್ದಿ ಬೆಳೆಸಿದ ಏರಿಕೆಯೇ ಟೇಪಿನಲ್ಲಿ ಮಾಯ. 1990ರ ದಶಕದಲ್ಲಿ ಡಿಎಟಿ (ಡಿಜಿಟಲ್ ಟೇಪು), ಮಿನಿಡಿಸ್ಕ್ ಬಳಕೆಗೆ ಬಂದವು, ಆಮೇಲೆ ಅಂಗೈಯಗಲದ ಡಿಜಿಟಲ್ ರೆಕಾರ್ಡರ್‌ಗಳು. ಮಟ್ಟವನ್ನು ಕೈಯಿಂದ ಹೊಂದಿಸಿ, ಬಿಲ್ಲಿನ ಎರಡೂ ತುದಿಗಳಿಂದ ಸಮದೂರದಲ್ಲಿ ನಿಲ್ಲುವುದನ್ನು ಆಸಕ್ತರು ಕಲಿತರು. 2005ರಲ್ಲಿ ಯೂಟ್ಯೂಬ್ ಬಂದ ಬಳಿಕ ಟೇಪು ವಿನಿಮಯದ ಸಣ್ಣ ವಲಯ ಲೋಕಕ್ಕೇ ತೆರೆದುಕೊಂಡಿತು.

ಅದೇ ಹೊತ್ತಿಗೆ ಹಕ್ಕುಸ್ವಾಮ್ಯದ ತೊಡಕು ಎದುರಾಯಿತು. ಒಮ್ಮೆ ಪ್ರಕಟವಾದ ಹಾಡನ್ನು ಬೇರೆಯವರು ಧ್ವನಿಮುದ್ರಿಸಿ ಮಾರಲು ಅಮೆರಿಕದ ಕಾನೂನು ನಿಗದಿತ ಶುಲ್ಕದ ದಾರಿ ಕೊಟ್ಟಿದೆ. ದೃಶ್ಯದೊಂದಿಗೆ ಸೇರಿಸಿದರೆ ಹಕ್ಕುದಾರರ ಪ್ರತ್ಯೇಕ ಒಪ್ಪಿಗೆ ಬೇಕು, ಅವರು ಬೇಡವೆನ್ನಬಹುದು, ಬಾಯಿಗೆ ಬಂದ ಬೆಲೆ ಕೇಳಬಹುದು. ಹಾಗಾಗಿ ಅಧಿಕೃತ ವಿಡಿಯೊಗಳಲ್ಲಿ ಕೆಲವು ಭಾಗಗಳು ಮೂಕವಾದವು, ಕೆಲವು ಹಳೆಯ ಪ್ರದರ್ಶನಗಳು ಸಂಗ್ರಹದಿಂದಲೇ ಹೊರಬಿದ್ದವು. ದೀರ್ಘಸ್ವರದ ಅಭ್ಯಾಸಕ್ಕೆ, ಬಾಖ್‌ನ ಕೋರಲ್‌ಗೆ (ಚರ್ಚಿನ ಸ್ತೋತ್ರಗೀತೆಗೆ), ಕೋರ್‌ನ ಶಿಕ್ಷಕರೇ ಬರೆದ ಪಾಠಕ್ಕೆ ಈ ಕಾಟವಿಲ್ಲ. ವಾರ್ಮ್‌ಅಪ್ ವಿಡಿಯೊಗಳನ್ನು ಕೋರ್‌ಗಳು ತಾವೇ ಹಂಚತೊಡಗಿದ್ದರ ಹಿಂದೆ ಈ ಸಲೀಸೂ ಇದೆ. ಬ್ಲೂ ಡೆವಿಲ್ಸ್ ಕೋರ್‌ನ ಬಳಗದ ಸಿಸ್ಟಮ್ ಬ್ಲೂದಂಥ ಸಂಸ್ಥೆಗಳು ಈ ಅಭ್ಯಾಸಕ್ರಮವನ್ನೇ ಪುಸ್ತಕ ಮಾಡಿ ಶಾಲೆಗಳಿಗೆ ತಲುಪಿಸಿದವು.

ಆದರೂ ದೊಡ್ಡ ತಿರುವು ಬಂದದ್ದು ವಿದ್ಯುತ್ತಿನಿಂದ. 2004ರಲ್ಲಿ ಮೈದಾನದಲ್ಲಿ ಮೈಕ್‌ಗಳಿಗೆ ಅನುಮತಿ ಸಿಕ್ಕಿತು, 2009ರಲ್ಲಿ ಸಿಂಥಸೈಜರ್‌ಗೆ. ಟ್ಯೂಬಾಗಳ ಕೆಳಗೆ ಸ್ಪೀಕರ್‌ನಿಂದ ಹೊಮ್ಮುವ ಗುಡುಗು ಸೇರಿತು, ಏಕವಾದಕರ ಬಳಿ ಮೈಕ್ ಬಂತು. ಅದೇ 2009ರಿಂದ ಚಾಂಪಿಯನ್‌ಷಿಪ್ ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂ ಸೇರಿತು. ಚಾವಣಿ ಮುಚ್ಚಿದರೆ ಅಲ್ಲಿ ಪ್ರತಿಧ್ವನಿ ಸ್ವರವನ್ನು ನುಂಗುತ್ತದೆ. ಈ ಬದಲಾವಣೆಗಳನ್ನು ನಾನು ವಿರೋಧಿಸುವುದಿಲ್ಲ, ಅವುಗಳಿಂದ ಒಳ್ಳೆಯ ಪ್ರದರ್ಶನಗಳೂ ಹುಟ್ಟಿವೆ. ಆದರೆ ಅಧಿಕೃತ ಮುದ್ರಿಕೆಯಲ್ಲಿ ಈಗ ಕೇಳುವುದು ಎಷ್ಟು ಹಿತ್ತಾಳೆ, ಎಷ್ಟು ಸ್ಪೀಕರ್ ಎಂದು ಬೇರ್ಪಡಿಸುವುದು ಕಷ್ಟ. ಬರಿಯ ಉಸಿರಿನಿಂದ ಹುಟ್ಟಿದ ಸ್ವರ ಕೇಳಬೇಕೆಂದರೆ ಹೊರಗಿನ ಹುಲ್ಲಿಗೇ ಹೋಗಬೇಕು. 2020ರಲ್ಲಿ ಕೋವಿಡ್ ಕಾರಣಕ್ಕೆ ಇಡೀ ಋತು ರದ್ದಾದಾಗ ಹಳೆಯ ಮುದ್ರಿಕೆಗಳೇ ಆಸರೆಯಾದವು.

ಆಸಕ್ತರ ನಡುವೆ ಒಂದು ಜಗಳ ಉಳಿದಿದೆ. ಮುದ್ರಿಕೆಯನ್ನು ಹಂಚುವಾಗ ಶಿಕ್ಷಕರ ಮಾತನ್ನು ಕತ್ತರಿಸಿ ಬರಿಯ ಸ್ವರ ಇಟ್ಟುಕೊಳ್ಳಬೇಕೆ, ಎಲ್ಲವನ್ನೂ ಬಿಡಬೇಕೆ? ಮಾತು ಇರಲೇಬೇಕು. ಒಂದು ಸ್ವರಮೇಳ ಅಲುಗುತ್ತದೆ, ಶಿಕ್ಷಕರು ಒಂದು ವಿಭಾಗಕ್ಕೆ ನಾಲ್ಕು ಮಾತು ಹೇಳುತ್ತಾರೆ, ಮರುಸಲ ಅದೇ ಸ್ವರಮೇಳ ನೆಟ್ಟಗೆ ನಿಲ್ಲುತ್ತದೆ. ಆ ನಾಲ್ಕು ಮಾತು ತೆಗೆದರೆ ದೂರದೂರಿನ ಶಾಲಾ ಶಿಕ್ಷಕರಿಗೆ ಅದರಿಂದ ಕಲಿಯಲು ಏನು ಉಳಿಯುತ್ತದೆ? ಹುಡುಗನೊಬ್ಬನನ್ನು ಹೆಸರು ಹಿಡಿದು ಗದರಿದ ತುಣುಕನ್ನು ಮಾತ್ರ ಕತ್ತರಿಸಬೇಕು, ಅದರಲ್ಲಿ ಎರಡು ಮಾತಿಲ್ಲ.

ತುರ್ತು ಇರುವುದು ಹಳೆಯ ಕ್ಯಾಸೆಟ್‌ಗಳ ವಿಷಯದಲ್ಲಿ. ಟೇಪು ಸವೆಯುತ್ತಿದೆ, ಎಷ್ಟೋ ಡಬ್ಬಿಗಳ ಮೇಲೆ ವರ್ಷವಾಗಲಿ ಊರಾಗಲಿ ಬರೆದಿಲ್ಲ. ಆದರೂ ಗುರುತು ಸಿಗದ್ದೇನಲ್ಲ. ಸಾಲು ಜಿ ಮೇಲೆ ನೆಲೆನಿಂತು ಊದುತ್ತಿದ್ದರೆ ಅದು ಬಹುತೇಕ 2000ಕ್ಕಿಂತ ಹಿಂದಿನದು. ಎಫ್‌ನಿಂದ ಅರ್ಧರ್ಧ ಸ್ವರವಾಗಿ ಇಳಿಯುತ್ತಿದ್ದರೆ ಆಮೇಲಿನದು ಇರಬಹುದು. ಹಿನ್ನೆಲೆಯಲ್ಲಿ ಬಡಿಯುತ್ತಿರುವುದು ಮರದ ಕೋಲೋ ಸ್ಪೀಕರ್‌ನಿಂದ ತಾಳ ಕೊಡುವ ಮೆಟ್ರೊನೋಮ್ ಯಂತ್ರವೋ ಎಂಬುದು ಇನ್ನೊಂದು ಸುಳಿವು. ಟೇಪಿನ ವೇಗ ಹೆಚ್ಚುಕಡಿಮೆಯಾಗಿದ್ದರೆ ಜಿ ಸ್ವರವೇ ಜಾರಿರುತ್ತದೆ, ಆದ್ದರಿಂದ ಡಿಜಿಟಲ್‌ಗೆ ಇಳಿಸುವವರು ಮೊದಲು ವೇಗ ಸರಿಪಡಿಸಿ, ಆಮೇಲೆ ಕಾಲ ಊಹಿಸಬೇಕು.