ಬೇಸರ ಬೇರೆ, ಸಿಟ್ಟು ಬೇರೆ

ಜುಲೈ ಬಂತೆಂದರೆ ಬೆಳಗಾವಿಯಲ್ಲಿ ಬಿಸಿಲು ಅಪರೂಪ. ಜಿಟಿಜಿಟಿ ಮಳೆ, ಒಣಗದ ಬಟ್ಟೆ, ಖಡೇಬಜಾರಿನ ತುಂಬ ಕೊಡೆಗಳ ಗದ್ದಲ. ‘ಯಾಕ್ರೀ, ಮಾರಿ ಹಿಂಗ್ಯಾಕ ಮಾಡೀರಿ?’ ಎಂದು ಕೇಳಿದರೆ ಅದಕ್ಕೂ ಸಿಡಿಮಿಡಿ. ಆದರೆ ಇಂಥ ದಿನವೇ ನಮ್ಮ ಕಣ್ಣು, ನೆನಪು ಸ್ವಲ್ಪ ಚುರುಕಾಗಿರುತ್ತವಂತೆ.

ಆಸ್ಟ್ರೇಲಿಯಾದ ಮನೋವಿಜ್ಞಾನಿ ಜೋಸೆಫ್ ಫೋರ್ಗಾಸ್ ಮತ್ತು ಸಂಗಡಿಗರು ಇದನ್ನು ಸಿಡ್ನಿಯ ಒಂದು ಅಂಗಡಿಯಲ್ಲೇ ಪರೀಕ್ಷಿಸಿದರು. ಕೌಂಟರಿನ ಮೇಲೆ 10 ಸಣ್ಣ ವಸ್ತುಗಳನ್ನು ಇಟ್ಟರು. ಮಳೆಯ ದಿನ ದುಃಖದ ಸಂಗೀತ, ಬಿಸಿಲಿನ ದಿನ ಖುಷಿಯ ಸಂಗೀತ ಹಾಕಿದರು. ಗಿರಾಕಿಗಳು ಹೊರಗೆ ಬಂದ ಮೇಲೆ ‘ಒಳಗೆ ಏನೇನು ಕಂಡಿರಿ?’ ಎಂದು ಕೇಳಿದರು. ಮಳೆಯ ದಿನ ಬಂದವರೇ ಜಾಸ್ತಿ ವಸ್ತುಗಳನ್ನು ಸರಿಯಾಗಿ ಹೇಳಿದರು. 2009ರಲ್ಲಿ ಇದು ಪ್ರಕಟವಾಯಿತು. ಅದಕ್ಕೂ ಮುಂಚೆ, ಫೋರ್ಗಾಸ್ ಅವರದೇ ಇನ್ನೊಂದು ಪ್ರಯೋಗ ನಡೆದಿತ್ತು. ‘ನಾನು ಕದ್ದಿಲ್ಲ’ ಎಂದು ಹೇಳುವವರ ವಿಡಿಯೊ ತೋರಿಸಿದಾಗ, ಬೇಸರದಲ್ಲಿದ್ದವರು ಸುಳ್ಳನ್ನು ಹೆಚ್ಚು ಚೆನ್ನಾಗಿ ಹಿಡಿದರು.

ಕಾರಣ ಹೀಗಿರಬಹುದು ಅನ್ನುತ್ತಾರೆ: ಮನಸ್ಸು ಖುಷಿಯಾಗಿದ್ದರೆ ಮೆದುಳಿಗೆ ‘ಎಲ್ಲ ಸರಿ ಇದೆ’ ಎಂಬ ಸೂಚನೆ ಸಿಗುತ್ತದೆ. ಅದು ಅಡ್ಡದಾರಿ ಹಿಡಿದು ಬೇಗ ತೀರ್ಮಾನಿಸುತ್ತದೆ. ಬೇಸರವಾಗಿದ್ದರೆ ‘ಏನೋ ಸರಿ ಇಲ್ಲ, ನೋಡು’ ಎಂಬ ಸೂಚನೆ. ಆಗ ಒಂದೊಂದನ್ನೂ ಗಮನಿಸುತ್ತದೆ. ಹಾಗಾದರೆ ಶಹಾಪುರದ ಸೀರೆ ಅಂಗಡಿಗೆ ಸಪ್ಪೆ ಮುಖದಲ್ಲಿ ಹೋಗುವುದೇ ಒಳ್ಳೆಯದು, ಅಲ್ವಾ! ಆದರೆ ಈ ಲಾಭ ಬಂದು ಹೋಗುವ ಸಣ್ಣ ಬೇಸರಕ್ಕೆ ಮಾತ್ರ.

ಸಿಟ್ಟಿನ ಲೆಕ್ಕವೇ ಬೇರೆ. 1994ರಲ್ಲಿ ಮನೋವಿಜ್ಞಾನಿ ಗೇಲನ್ ಬೋಡನ್‌ಹೌಸೆನ್ ತಂಡ ನೋಡಿದ ಹಾಗೆ, ಸಿಟ್ಟಿನಲ್ಲಿದ್ದವರು ‘ಆ ಜನ ಹಾಗೇ’ ಎಂಬ ಪೂರ್ವಗ್ರಹದ ಮೇಲೆ ತೀರ್ಪು ಕೊಟ್ಟರು. ಬೇಸರದಲ್ಲಿದ್ದವರು ಹಾಗೆ ಮಾಡಲಿಲ್ಲ. ಸಿಟ್ಟು ಬಂದವರಿಗೆ ಅಪಾಯವೂ ಸಣ್ಣದಾಗಿ ಕಾಣುತ್ತದೆ ಎಂದು ಮನೋವಿಜ್ಞಾನಿಗಳಾದ ಜೆನಿಫರ್ ಲರ್ನರ್ ಮತ್ತು ಡಾಕರ್ ಕೆಲ್ಟ್ನರ್ 2001ರಲ್ಲಿ ತೋರಿಸಿದರು. ಬೈಕ್ ಹತ್ತುವ ಮುಂಚೆ ಇದು ನೆನಪಿಗೆ ಬಂದರೆ ಒಳ್ಳೆಯದು.

ಮೆದುಳು ಬಿಡಿ, ರಕ್ತನಾಳಗಳೂ ಈ ಎರಡನ್ನು ಬೇರೆ ಮಾಡಿ ನೋಡುತ್ತವೆ. 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 280 ಆರೋಗ್ಯವಂತರ ಅಧ್ಯಯನವನ್ನು ಪ್ರಕಟಿಸಿದರು. ಕೆಲವರು ಸಿಟ್ಟು ತರಿಸಿದ ಘಟನೆಯನ್ನು 8 ನಿಮಿಷ ನೆನಪಿಸಿಕೊಂಡರು, ಅಷ್ಟೇ. ಅವರ ರಕ್ತನಾಳಗಳು ಹಿಗ್ಗುವ ಶಕ್ತಿ 40 ನಿಮಿಷದವರೆಗೂ ಕುಗ್ಗಿತ್ತು. ದುಃಖ, ಆತಂಕದ ಗುಂಪಿನವರಲ್ಲಿ ಅಂಥ ಸ್ಪಷ್ಟ ಬದಲಾವಣೆ ಕಾಣಲಿಲ್ಲ. ಸಿಟ್ಟಿನಲ್ಲಿ ಅಡ್ರಿನಲಿನ್ ಎಂಬ ಹಾರ್ಮೋನು ಏರುತ್ತದೆ, ಎದೆ ಬಡಿತ, ರಕ್ತದೊತ್ತಡ ಹೆಚ್ಚುತ್ತವೆ. ನಾಳಗಳ ಒಳಪದರ ಇದನ್ನೆಲ್ಲ ದಿನವೂ ತಾಳಬೇಕಾದರೆ ಹಾನಿ ಆಗಬಹುದು. ಹೃದಯಾಘಾತವಾದ 1,623 ಜನರನ್ನು ವಿಚಾರಿಸಿದ 1995ರ ಒಂದು ಅಧ್ಯಯನದಲ್ಲಿ, ಸಿಟ್ಟು ಬಂದ ನಂತರದ 2 ಗಂಟೆಯಲ್ಲಿ ಅಪಾಯ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಗಟ್ಟಿಮುಟ್ಟಾದವರಿಗೆ ಆ ಅಪಾಯ ಮೊದಲೇ ತೀರ ಕಡಿಮೆ. ಬಿಪಿ, ಶುಗರ್ ಇದ್ದವರಿಗೆ ಹಾಗಲ್ಲ.

ಕೊಲಂಬಿಯಾದ ಅಧ್ಯಯನದ ಆ 8 ನಿಮಿಷದಲ್ಲಿ ಅವರನ್ನು ಯಾರೂ ಬೈದಿರಲಿಲ್ಲ, ಹಳೆಯ ಸಿಟ್ಟನ್ನು ನೆನೆದಿದ್ದರು ಅಷ್ಟೇ. ಬೆಳಗ್ಗೆ ಬಸ್ಸಿನಲ್ಲಿ ಆದ ಜಗಳವನ್ನು ಚಹಾದಂಗಡಿಯಲ್ಲಿ ಒಮ್ಮೆ, ಆಫೀಸಿನಲ್ಲಿ ಒಮ್ಮೆ, ಮನೆಯಲ್ಲಿ ಇನ್ನೊಮ್ಮೆ ಹೇಳುವವರು ಇದನ್ನೇ ಮಾಡುತ್ತಾರೆ. ‘ಸಿಟ್ಟು ಒಳಗ ಇಟ್ಕೋಬಾರದು, ಹೊರಗ ಹಾಕಬೇಕು’ ಎನ್ನುವ ಮಾತಿದೆ. ನನಗೆ ಅದು ಅರ್ಧ ಮಾತ್ರ ನಿಜ ಅನಿಸುತ್ತದೆ. ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಶ್‌ಮನ್ 2002ರಲ್ಲಿ ಇದನ್ನೇ ಒರೆಗೆ ಹಚ್ಚಿದರು. ಸಿಟ್ಟು ತರಿಸಿದವನನ್ನು ನೆನೆಯುತ್ತಾ ಬಾಕ್ಸಿಂಗ್ ಚೀಲಕ್ಕೆ ಗುದ್ದಿದವರು ಇನ್ನಷ್ಟು ಕೆರಳಿದರು. ಸುಮ್ನೆ ಕೂತವರ ಸಿಟ್ಟು ಎಲ್ಲರಿಗಿಂತ ಕಡಿಮೆ ಇತ್ತು.

ಇನ್ನು ಮಳೆ ಮುಗಿದರೂ ಹೋಗದ ಬೇಸರ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಊಟ, ಆಸಕ್ತಿ ಎಲ್ಲ ತಪ್ಪಿದ್ದರೆ ಅದನ್ನು ‘ಬರೀ ಮೂಡ್’ ಎಂದು ತಳ್ಳಿಹಾಕಬೇಡಿ. ಅದು ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ಪಕ್ಕದ ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಬೇಕಿಲ್ಲ.