ಕೊಳ್ಳುಬಾಕ ಅಂದರೆ ಯಾರು?

ಮೊನ್ನೆ ಒಂದು ಬರಹದಲ್ಲಿ ‘ಕೋಲಾರದ ರೈತರ ನೀರಿನ ಕೊಳ್ಳುಬಾಕತನ’ ಎಂದು ಓದಿದೆ. ಅದಕ್ಕೂ ಮುಂಚೆ, ಹಬ್ಬಕ್ಕೆ ಸೀರೆ ಆರಿಸುತ್ತಿದ್ದ ಹೆಂಗಸರ ಫೋಟೊ ಕೆಳಗೆ ‘ಕೊಳ್ಳುಬಾಕ ಸಂಸ್ಕೃತಿ’ ಎಂಬ ಸಾಲಿತ್ತು. ಪರಿಸರದ ಚಿಂತೆ ಬಂದಾಗಲೆಲ್ಲ ಈ ಒಂದೇ ಪದವನ್ನು ಎಲ್ಲರಿಗೂ ಅಂಟಿಸುವುದು ಜಾಸ್ತಿಯಾಗಿದೆ. ಇದು ಒಳ್ಳೆಯ ಪದ, ಸುಮ್ನೆ ಸವೆಸಬಾರದು.

ಮೊದಲು ‘ಬಾಕ’. ಹೊಟ್ಟೆಬಾಕ, ತಿಂಡಿಬಾಕ, ಲಂಚಬಾಕ. ಹೊಟ್ಟೆ ತುಂಬಿದ ಮೇಲೂ ಸಾಕು ಅನ್ನದವನಿಗೆ ಈ ಮಾತು. ಹೊಲದಿಂದ ಹಸಿದು ಬಂದವನು ನಾಲ್ಕು ಮುದ್ದೆ ಉಂಡರೆ ಅವನನ್ನು ಹೊಟ್ಟೆಬಾಕ ಅನ್ನುವುದಿಲ್ಲ, ಅಲ್ವಾ? ಇದು ಬಕಾಸುರನಿಂದ ಬಂದ ಪದ ಎನ್ನುವವರಿದ್ದಾರೆ. ಗಾಡಿ ತುಂಬ ಅನ್ನ, ಎರಡು ಕೋಣ, ಜೊತೆಗೊಬ್ಬ ಮನುಷ್ಯ: ಕತೆಯೇನೋ ಚೆನ್ನಾಗಿ ಹೊಂದುತ್ತದೆ. ಆದರೆ ‘ಬಕ’ ಸಂಸ್ಕೃತದ್ದು, ಅರ್ಥ ಕೊಕ್ಕರೆ. ಬಕಧ್ಯಾನದಲ್ಲಿರುವುದೂ ಅದೇ. ಅದು ಹ್ರಸ್ವ, ಇದು ದೀರ್ಘ. ಕತೆ ಹೊಂದಿದ ಮಾತ್ರಕ್ಕೆ ಪದದ ಬೇರು ಸಿಕ್ಕಂತಲ್ಲ.

‘ಕೊಳ್ಳು’ ಇನ್ನೂ ಸ್ವಾರಸ್ಯ. ಇವತ್ತು ನಮಗೆ ಕೊಳ್ಳುವುದು ಎಂದರೆ ಕಾಸು ಕೊಟ್ಟು ತರುವುದು. ಹಳಗನ್ನಡದ ‘ಕೊಳ್’ಗೆ ಕಾಸಿನ ಹಂಗಿಲ್ಲ. ತೆಗೆದುಕೊಳ್ಳುವುದು, ಹಿಡಿಯುವುದು, ಕಸಿಯುವುದು ಎಲ್ಲವೂ ಅದರಲ್ಲಿ ಸೇರುತ್ತದೆ. ವೀರಗಲ್ಲುಗಳ ವಿಷಯ ಓದುವಾಗ ‘ತುರುಗೋಳ್’ ಎಂದು ಬರುತ್ತದಲ್ಲ, ಅಲ್ಲಿ ಯಾರೂ ದನ ಖರೀದಿ ಮಾಡಿಲ್ಲ. ದನ ಹೊಡೆದುಕೊಂಡು ಹೋಗಿದ್ದಾರೆ. ಅದನ್ನು ತಡೆಯಲು ಹೋಗಿ ಸತ್ತವನಿಗೆ ಊರವರು ಆ ಕಲ್ಲು ನಿಲ್ಲಿಸಿದ್ದಾರೆ. ‘ಕೊಳ್ಳೆ’ ಕೂಡ ಇದೇ ಬೇರಿನದು.

ಕೊಳ್ಳುಬಾಕ ಎಂದಾಗ ನನಗೆ ಈ ಹಳೆಯ ಅರ್ಥವೂ ಕೇಳಿಸುತ್ತದೆ. ಕಾಸು ಕೊಟ್ಟಿರುತ್ತೇವೆ, ಆದರೆ ಪೂರ್ತಿ ಬೆಲೆ ಕೊಟ್ಟಿರುವುದಿಲ್ಲ. 2013ರ ಏಪ್ರಿಲ್ 24ರಂದು ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,134 ಜನ ಸತ್ತರು. ಹೆಚ್ಚಿನವರು ವಿದೇಶಿ ಬ್ರ್ಯಾಂಡ್‌ಗಳಿಗೆ ಅಗ್ಗದ ಬಟ್ಟೆ ಹೊಲಿಯುತ್ತಿದ್ದವರು. ಗೋಡೆಯ ಬಿರುಕು ಹಿಂದಿನ ದಿನವೇ ಕಂಡಿತ್ತು. ಆದರೂ ಕೆಲಸಕ್ಕೆ ಕರೆಸಿದ್ದರು.

ಇನ್ನು ನನ್ನ ಮುಖ್ಯ ತಕರಾರು. ಕೊಳ್ಳುಬಾಕನ ಹಸಿವು ಕೊಳ್ಳುವುದರ ಮೇಲೆ. ಬಳಸುವುದು ಅವನಿಗೆ ಮುಖ್ಯವೇ ಅಲ್ಲ. ಒಂದು ಸೀರೆಯನ್ನು ಹತ್ತು ವರ್ಷ ಉಟ್ಟು, ಹಳತಾದ ಮೇಲೆ ಕೌದಿಗೆ ಹಾಕಿ ಹೊಲಿಯುವ ಅಜ್ಜಿ ಆ ಸೀರೆಯನ್ನು ಎಳೆ ಎಳೆಯಾಗಿ ಬಳಸಿದ್ದಾಳೆ. ಆಫರ್ ಬಂತೆಂದು ತರಿಸಿ, ಚೀಟಿಯನ್ನೂ ಕೀಳದೆ ಬೀರುವಿನಲ್ಲಿಟ್ಟದ್ದು ಕೊಳ್ಳುಬಾಕತನ. ಚಿಲಿ ದೇಶದ ಅಟಕಾಮ ಮರುಭೂಮಿಯಲ್ಲಿ ರಾಶಿ ಬಿದ್ದಿರುವ ಬಟ್ಟೆಗಳಲ್ಲಿ ಯಾರೂ ಒಮ್ಮೆಯೂ ತೊಡದವೂ ಇವೆ. ಘಾನಾದ ಅಕ್ರಾ ನಗರದ ಕಂಟಮಾಂಟೊ ಸಂತೆಗೆ ಹೊರದೇಶಗಳಿಂದ ಹಳೆಬಟ್ಟೆಯ ಮೂಟೆಗಳು ಬರುತ್ತವೆ. ಅಲ್ಲಿಯವರು ಅವನ್ನು ‘ಒಬ್ರೊನಿ ವಾವು’ ಎನ್ನುತ್ತಾರೆ, ಅಂದರೆ ಸತ್ತ ಬಿಳಿಯರ ಬಟ್ಟೆ. ಬದುಕಿರುವವರು ಇಷ್ಟೊಂದು ಬಟ್ಟೆ ಬಿಸಾಡುತ್ತಾರೆಂದು ಯಾರು ತಾನೆ ನಂಬಿಯಾರು? ಫೋನು, ಟಿವಿಗಳದ್ದೂ ಇದೇ ಪಾಡು. 2022ರಲ್ಲಿ ಜಗತ್ತಿನಲ್ಲಿ ಎದ್ದ ಇ-ಕಸ 6.2 ಕೋಟಿ ಟನ್. ಸರಿಯಾಗಿ ಮರುಬಳಕೆಗೆ ಹೋಗಿದೆ ಎಂದು ದಾಖಲೆ ಇರುವುದು ಅದರ ಕಾಲುಭಾಗಕ್ಕೂ ಕಡಿಮೆ.

ಕೋಲಾರದ್ದು ಬೇರೆ ಮಾತು. ಅದಕ್ಕೆ ‘ಅತಿಬಳಕೆ’ ಎಂಬ ಪದ ಇದೆ. ವರ್ಷಕ್ಕೆ ಎತ್ತಬಹುದಾದ ನೀರಿಗಿಂತ ಹೆಚ್ಚು ಎತ್ತಿದರೆ ಕೇಂದ್ರ ಅಂತರ್ಜಲ ಮಂಡಳಿ ಆ ತಾಲೂಕನ್ನು ಈ ಪಟ್ಟಿಗೆ ಸೇರಿಸುತ್ತದೆ. ಸಾಲ ಮಾಡಿ ಬೋರ್‌ವೆಲ್ ಕೊರೆಸಿ ಟೊಮೆಟೊ ಬೆಳೆಯುವವನು ಭೂಮಿಗೆ ಇಂಗಿದ್ದಕ್ಕಿಂತ ಜಾಸ್ತಿ ನೀರು ಎತ್ತುತ್ತಿರಬಹುದು. ಅದು ದೊಡ್ಡ ಸಮಸ್ಯೆಯೇ. ಕೆರೆಯ ಹೂಳು, ಹನಿ ನೀರಾವರಿ, ಬೆಳೆಯ ಆಯ್ಕೆ, ಇವುಗಳ ಬಗ್ಗೆ ಮಾತಾಡೋಣ. ಅವನ ಎದುರಿಗಿರುವುದು ಹೊಟ್ಟೆಪಾಡು. ಅವನನ್ನು ಬಾಕ ಎಂದರೆ ಪದವೂ ತಪ್ಪು, ದೂರೂ ತಪ್ಪು.

ಇನ್ನು ಆ ಸೀರೆಯ ಫೋಟೊ. ಅದರಲ್ಲಿ ಪೀಣ್ಯದ ಗಾರ್ಮೆಂಟ್ಸ್‌ನ ಹೆಣ್ಣುಮಗಳೂ ಇದ್ದಿರಬಹುದು. ವರ್ಷವಿಡೀ ಬೇರೆಯವರಿಗೆ ಹೊಲಿದು, ಹಬ್ಬಕ್ಕೆ ತನಗೊಂದು ಸೀರೆ ತೆಗೆದುಕೊಳ್ಳಲು ಬಂದವಳು.